ಹಳೆಯ ಗ್ಯಾಸ್ ಗ್ರಿಲ್ ರಿಪೇರಿ ಮಾಡಿದ ಮೇಲೆ ವಿಪರೀತ ಕಾಯುತ್ತಿದೆ. ಬಿಸಿ ಹತೋಟಿಗೆ ತರುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಯಾರೋ ಮಾರಿದ ಹಳೆಯ ಮೂರು ಬರ್ನರ್‌ನ ವೆಬರ್ ಜೆನೆಸಿಸ್ ಗ್ರಿಲ್‌ಗೆ ಹೊಸ ಬರ್ನರ್, ಹೊಸ ರೆಗ್ಯುಲೇಟರ್, ಹೊಸ ನಾಬ್ ಹಾಕಿದ್ದೀರಿ. ಈಗ ಮೂರನ್ನೂ ಲೋ, ಅಂದರೆ ಸಣ್ಣ ಉರಿಯಲ್ಲಿಟ್ಟರೂ ಮುಚ್ಚಳದ ಥರ್ಮಾಮೀಟರ್ ಮುಳ್ಳು 550 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದೆ. ಚಿಕನ್ ಹೊರಗೆ ಕರಕಲು, ಒಳಗೆ ಹಸಿ. ಸಿಲಿಂಡರ್ ವಾಲ್ವನ್ನೇ ಅರ್ಧ ತೆರೆದು ಬಿಟ್ಟರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಮೊದಲು ಆ ಕೊನೆಯದಕ್ಕೆ ಉತ್ತರ. ಸರಿಹೋಗುವುದಿಲ್ಲ. ಮುಂದಕ್ಕೆ ಹೋಗುವ ಒತ್ತಡವನ್ನು ಒಂದೇ ಸಮ ಇಡುವುದೇ ರೆಗ್ಯುಲೇಟರ್‌ನ ಕೆಲಸ. ವಾಲ್ವ್ ಅರ್ಧ ತೆರೆದರೂ ಪೂರ್ತಿ ತೆರೆದರೂ ಉರಿ ಅಷ್ಟೇ ಇರುತ್ತದೆ. ಇನ್ನೂ ಬಿಗಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಉರಿ ತಟ್ಟನೆ ಕುಸಿಯುತ್ತದೆ. ಯಾವುದೋ ಒಂದು ಬರ್ನರ್ ಆರಿ, ಅದರಿಂದ ಬರೀ ಗ್ಯಾಸ್ ಬರುತ್ತಿರಬಹುದು. ಅದು ನಿಮಗೆ ಗೊತ್ತೂ ಆಗುವುದಿಲ್ಲ. ಸಿಲಿಂಡರ್ ವಾಲ್ವನ್ನು ನಿಧಾನವಾಗಿ, ಆದರೆ ಪೂರ್ತಿ ತೆರೆಯಿರಿ. ಉರಿ ಹೆಚ್ಚುಕಮ್ಮಿ ಮಾಡುವುದೆಲ್ಲ ನಾಬ್‌ನಲ್ಲೇ.

ನಾನು ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಹಿತ್ತಿಲಲ್ಲಿರುವುದೂ ಅದೇ ಕಾಲದ, ತಿದ್ದಿ ಕೂಡಿಸಿದ ಗ್ರಿಲ್. ಮೂರೂ ಲೋನಲ್ಲಿ 350ರಿಂದ 400 ಬಂತು ಅಂದಿದ್ದರೆ ಸುಮ್ನೆ ಅಡುಗೆ ಮಾಡಿ ಅನ್ನುತ್ತಿದ್ದೆ. 550 ಅಂದರೆ ಸ್ವಲ್ಪ ಅನುಮಾನ ಪಡಲೇಬೇಕು. ಆದ್ದರಿಂದ ಮೊದಲು ಗ್ಯಾಸ್ ವಿಷಯ, ಆಮೇಲೆ ಅಡುಗೆ.

ಅಮೆರಿಕದಲ್ಲಿ ಒಂದೇ ಮಾದರಿಯ ಗ್ರಿಲ್ ಸಿಲಿಂಡರ್‌ನಲ್ಲಿ ಬರುವ ಪ್ರೊಪೇನ್‌ಗೂ ಬರುತ್ತದೆ, ಮನೆಯ ಪೈಪ್‌ನಲ್ಲಿ ಬರುವ ನ್ಯಾಚುರಲ್ ಗ್ಯಾಸ್‌ಗೂ ಬರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ವ್ಯತ್ಯಾಸ ಇರುವುದು ವಾಲ್ವ್ ತುದಿಯ ಜೆಟ್‌ನಲ್ಲಿ, ಅಂದರೆ ಗ್ಯಾಸ್ ಹೊರಗೆ ಬರುವ ಸಣ್ಣ ತೂತಿನ ಭಾಗದಲ್ಲಿ. ಒಂದು ಘನ ಅಡಿ ಪ್ರೊಪೇನ್‌ನಲ್ಲಿ ಸುಮಾರು 2500 ಬಿಟಿಯು ಶಾಖ ಇರುತ್ತದೆ, ನ್ಯಾಚುರಲ್ ಗ್ಯಾಸ್‌ನಲ್ಲಿ ಸುಮಾರು 1000. ಅದಕ್ಕೇ ನ್ಯಾಚುರಲ್ ಗ್ಯಾಸ್ ಜೆಟ್‌ನ ತೂತು ದೊಡ್ಡದು. ಬೆಂಗಳೂರಿನ ಮನೆಗಳಿಗೆ ಪೈಪ್ ಗ್ಯಾಸ್ ಬಂದಾಗ ಸ್ಟವ್‌ನ ಜೆಟ್ ಬದಲಿಸಿ ಹೋಗುತ್ತಾರಲ್ಲ, ಅದೇ ಕಾರಣ. ನಿಮ್ಮ ಗ್ರಿಲ್ ಮೂಲದಲ್ಲಿ ಪೈಪ್ ಗ್ಯಾಸ್‌ನದ್ದಾಗಿದ್ದು, ನೀವು ಪ್ರೊಪೇನ್ ಸಿಲಿಂಡರ್ ಜೋಡಿಸಿದ್ದರೆ ಉರಿ ರಾಕ್ಷಸನ ಹಾಗೆ ಬರುತ್ತದೆ, ಲೋನಲ್ಲೂ. ಗ್ರಿಲ್ ಮೇಲೆ ಅಂಟಿಸಿರುವ ಪಟ್ಟಿಯಲ್ಲಿ ಯಾವ ಗ್ಯಾಸ್ ಅಂತ ಬರೆದಿರುತ್ತದೆ. ಅದು ಪ್ರೊಪೇನ್ ಅಲ್ಲದಿದ್ದರೆ ವಾಲ್ವ್‌ಗಳನ್ನು ಬದಲಿಸುವ ತನಕ ಹೊತ್ತಿಸಲೇಬೇಡಿ. ತೂತನ್ನು ಚಿಕ್ಕದು ಮಾಡುವ ಮನೆಮದ್ದು ಯಾವುದೂ ಬೇಡ.

ಎರಡನೇ ಅನುಮಾನ ರೆಗ್ಯುಲೇಟರ್ ಮೇಲೆ. ಇಂಥ ಗ್ರಿಲ್‌ಗೆ ಬೇಕಾದದ್ದು 11 ಇಂಚು ನೀರಿನಷ್ಟು ಒತ್ತಡ ಮಾತ್ರ. ಅಂದರೆ ಸುಮಾರು 0.4 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನಮ್ಮೂರಿನ ಅಡುಗೆ ಸಿಲಿಂಡರ್‌ನ ರೆಗ್ಯುಲೇಟರ್ ಕೊಡುವುದೂ ಹತ್ತಿರ ಹತ್ತಿರ ಅಷ್ಟೇ. ಆದರೆ ಆನ್‌ಲೈನ್‌ನಲ್ಲಿ ಹುಡುಕಿದರೆ ಪಕ್ಕದಲ್ಲೇ ಇನ್ನೊಂದು ಜಾತಿ ಕಾಣುತ್ತದೆ. ತಲೆಯ ಮೇಲೆ ತಿರುಗಿಸುವ ನಾಬ್ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣ, 0ರಿಂದ 20 ಪಿಎಸ್‌ಐ ಅಂತ ಬರೆದಿರುತ್ತದೆ. ಅದು ಟರ್ಕಿ ಕೋಳಿ ಕರಿಯುವ ದೊಡ್ಡ ಒಲೆಗೆ. ನಿಮ್ಮ ಕೈಗೆ ಬಂದಿರುವುದು ಅದಾದರೆ ಈಗಲೇ ಬಿಚ್ಚಿಡಿ.

ಇನ್ನು ನಾಬ್. ಈ ಗ್ರಿಲ್‌ನಲ್ಲಿ ಆಫ್ ಆದ ತಕ್ಷಣ ಸಿಗುವುದು ಹೈ. ಲೋ ಇರುವುದು ತಿರುಗಿಸುತ್ತಾ ಹೋದ ಕೊನೆಯಲ್ಲಿ, ನಮ್ಮ ಗ್ಯಾಸ್ ಸ್ಟವ್‌ನ ಸಿಮ್ ತರಹವೇ. ಎಲ್ಲಕ್ಕೂ ಹೊಂದುವ ಅಗ್ಗದ ನಾಬ್ ಹಾಕಿದ್ದರೆ ಗುರುತುಗಳು ಸರಿಯಾದ ಜಾಗಕ್ಕೆ ಕೂರದೇ ಇರಬಹುದು. ಗುರುತು ನಂಬಬೇಡಿ. ಅಡುಗೆ ಇಡುವ ಜಾಲರಿ ಮತ್ತು ಅದರ ಕೆಳಗಿನ ಲೋಹದ ಪಟ್ಟಿಗಳನ್ನು ತೆಗೆದು, ಹೊತ್ತಿಸಿ, ಉರಿಯನ್ನೇ ನೋಡಿ. ಸಂಜೆ ಹೊತ್ತು ಚೆನ್ನಾಗಿ ಕಾಣುತ್ತದೆ. ನಾಬ್ ತಿರುಗಿಸಿದಂತೆ ಉರಿ ಸಣ್ಣದಾಗಬೇಕು. ನೀಲಿ ಉರಿ, ತುದಿಯಲ್ಲಿ ಚೂರು ಹಳದಿ ಇದ್ದರೆ ಸರಿ. ಉದ್ದುದ್ದ ಹಳದಿ ನಾಲಿಗೆ ಇದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಗ್ಯಾಸ್ ಜಾಸ್ತಿ. ಬರ್ನರ್ ಬಾಯಲ್ಲಿ ಜೇಡ ಗೂಡು ಕಟ್ಟಿದ್ದರೂ ಹೀಗಾಗುತ್ತದೆ. ಬರ್ನರ್ ಬಾಯಿ ಜೆಟ್ ಮೇಲೆ ಸರಿಯಾಗಿ ಕೂತಿದೆಯಾ ಅಂತಲೂ ನೋಡಿ. ಕೂರದಿದ್ದರೆ ನಾಬ್‌ಗಳ ಹಿಂದೆಯೇ ಬೆಂಕಿ ಹತ್ತಬಹುದು. ಬಿಚ್ಚಿ ಕೂಡಿಸಿದ ಪ್ರತಿ ಜೋಡಣೆಗೂ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡುವುದನ್ನು ನೀವು ಮಾಡಿಯೇ ಇರುತ್ತೀರಿ ಅಂದುಕೊಂಡಿದ್ದೇನೆ. ಮಾಡಿಲ್ಲದಿದ್ದರೆ ಮೊದಲು ಅದು, ಉರಿ ಹೊತ್ತಿಸದೆ.

ಇಷ್ಟೆಲ್ಲ ಸರಿ ಇದ್ದರೆ ಮುಳ್ಳೇ ಸುಳ್ಳು ಹೇಳುತ್ತಿರಬಹುದು. ಥರ್ಮಾಮೀಟರ್ ಬಿಚ್ಚಿ ಅದರ ಕಡ್ಡಿಯನ್ನು ಕುದಿಯುವ ನೀರಿಗೆ ಹಿಡಿಯಿರಿ. ಸಮುದ್ರ ಮಟ್ಟದ ಊರಲ್ಲಿ 212 ತೋರಿಸಬೇಕು, ಎತ್ತರದ ಊರಾದ ಡೆನ್ವರ್‌ನಲ್ಲಿ ಸುಮಾರು 202. ಅದು ಸರಿ ಇದ್ದರೂ ಮುಚ್ಚಳದ ಬಿಸಿ ಬೇರೆ, ಜಾಲರಿಯ ಬಿಸಿ ಬೇರೆ. ಓವನ್ ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಒಂದನ್ನು ಜಾಲರಿ ಮೇಲೇ ಇಟ್ಟುಬಿಡಿ. ಹೊಳೆಯುವ ಸ್ಟೀಲ್ ಜಾಲರಿಗೆ ಲೇಸರ್ ಗನ್ ಥರ್ಮಾಮೀಟರ್ ಹಿಡಿದು ಅಳೆದರೆ ತಪ್ಪು ಅಂಕಿ ಬರುತ್ತದೆ.

ಇನ್ನೊಂದು ಗಮನಿಸಿ. ನಾಬ್ ಇಳಿಸಿದ ಮೇಲೂ ಮುಳ್ಳು ಏರುತ್ತಲೇ ಇದ್ದರೆ ಉರಿಯುತ್ತಿರುವುದು ಗ್ಯಾಸ್ ಅಲ್ಲ, ಜಿಡ್ಡು. ಹಳೆಯ ಗ್ರಿಲ್‌ನ ತಳದಲ್ಲಿ ವರ್ಷಗಳ ಕೊಬ್ಬು ಗಟ್ಟಿಯಾಗಿ ಕೂತಿರುತ್ತದೆ. ಹೊರಗೆ ಪೇಂಟ್ ಬಳಿದು ಮರದ ಪಟ್ಟಿಗೆ ಪಾಲಿಶ್ ಕೊಡುವ ಉತ್ಸಾಹದಲ್ಲಿ ತುಂಬ ಜನ ತಳ ಕೆರೆಯುವುದನ್ನು ಬಿಡುತ್ತಾರೆ. ತಳಕ್ಕೆ ಫಾಯಿಲ್ ಹಾಸಬೇಡಿ, ಅದರ ಮಡಿಕೆಯಲ್ಲಿ ಜಿಡ್ಡು ನಿಲ್ಲುತ್ತದೆ. ಮುಚ್ಚಳದ ಹಿಂದಿನ ಸಂದನ್ನೂ ಮುಚ್ಚಬೇಡಿ, ಬಿಸಿ ಹೊರಗೆ ಹೋಗುವುದೇ ಅಲ್ಲಿಂದ. ಜಿಡ್ಡಿಗೆ ಬೆಂಕಿ ಹತ್ತಿದರೆ ಬರ್ನರ್ ಎಲ್ಲ ಆಫ್ ಮಾಡಿ, ಆರುವ ತನಕ ಮುಚ್ಚಳ ಮುಚ್ಚಿಯೇ ಇಡಿ. ನೀರು ಹಾಕಬೇಡಿ.

ಈಗ ಅಡುಗೆ. ನನ್ನ ಅಭಿಪ್ರಾಯ ಇಷ್ಟೇ: ಈ ಗ್ರಿಲ್‌ನಲ್ಲಿ ಬಿಸಿ ಇಳಿಸಬೇಕಾದರೆ ಉರಿ ಸಣ್ಣದು ಮಾಡುವುದಕ್ಕಿಂತ ಬರ್ನರ್ ಆರಿಸುವುದು ಮೇಲು. ಇದರಲ್ಲಿ ಮುಂದೆ, ಮಧ್ಯ, ಹಿಂದೆ ಅಂತ ಮೂರು ಬರ್ನರ್ ಅಡ್ಡಡ್ಡ ಇವೆ. ಮೂರನ್ನೂ ಹೈನಲ್ಲಿಟ್ಟು ಹತ್ತು ಹದಿನೈದು ನಿಮಿಷ ಕಾಯಿಸಿ. ಆಮೇಲೆ ಮಧ್ಯದ್ದು ಪೂರ್ತಿ ಆಫ್, ಮುಂದಿನದು ಹಿಂದಿನದು ಲೋ. ಚಿಕನ್ ಕಾಲಿನ ತುಂಡುಗಳನ್ನು ಮಧ್ಯದಲ್ಲಿ ಇಟ್ಟು ಮುಚ್ಚಳ ಮುಚ್ಚಿ. 350ರಿಂದ 400ರ ಒಳಗೆ ನಿಂತರೆ ಸಾಕು. ಇನ್ನೂ ಏರುತ್ತಿದ್ದರೆ ಹಿಂದಿನದನ್ನೂ ಆರಿಸಿ, ತುಂಡುಗಳನ್ನು ಹಿಂದಕ್ಕೆ ಸರಿಸಿ. ಮೂಳೆಯ ಹತ್ತಿರ 165 ಡಿಗ್ರಿ ಮುಟ್ಟಿದ ಮೇಲೆ ಉರಿ ಇರುವ ಕಡೆ ಎಳೆದು ಎರಡು ಮೂರು ನಿಮಿಷ ಬಣ್ಣ ಬರಿಸಿ. ಬೆಲ್ಲ, ಜೇನುತುಪ್ಪ, ಸಿಹಿ ಸಾಸ್ ಏನಿದ್ದರೂ ಹಚ್ಚುವುದು ಆಗ. ಮೊದಲೇ ಹಚ್ಚಿದರೆ ಕರಕಲಾಗುವುದು ಸಕ್ಕರೆ, ಬೈಸಿಕೊಳ್ಳುವುದು ಗ್ರಿಲ್.

ಪನೀರಿಗೆ ಇಷ್ಟೆಲ್ಲ ತಾಳ್ಮೆ ಬೇಡ, ಉರಿ ಮೇಲೇ ಬೇಗ ಮುಗಿಸಿ. ನಾನ್‌ಸ್ಟಿಕ್ ತವಾ ಮಾತ್ರ ಇದರ ಮೇಲೆ ತರಬೇಡಿ. ಆ ಲೇಪ 500 ಫ್ಯಾರನ್‌ಹೀಟ್ ದಾಟಿದರೆ ಕೆಡಲು ಶುರುವಾಗುತ್ತದೆ. ಕಬ್ಬಿಣದ ಕಾವಲಿ ಆದರೆ ಧಾರಾಳವಾಗಿ ಇಡಿ.

ಮತ್ತೆ, ಜೋರು ಬಿಸಿಯನ್ನು ಪೂರ್ತಿ ಬಿಟ್ಟುಕೊಡಬೇಡಿ. ಗೊಜ್ಜಿಗೆ ಬದನೆಕಾಯಿ ಸುಡುವುದಕ್ಕೆ, ಮುಸುಕಿನ ಜೋಳಕ್ಕೆ ಮೂರೂ ಬರ್ನರ್ ಹೈನಲ್ಲೇ ಇರಲಿ. ಬದನೆಕಾಯಿಗೆ ಫೋರ್ಕ್‌ನಿಂದ ನಾಲ್ಕೈದು ಕಡೆ ಚುಚ್ಚಿ ಇಡಿ, ಇಲ್ಲದಿದ್ದರೆ ಮುಚ್ಚಳದ ಒಳಗೆ ಸಿಡಿಯುತ್ತದೆ.