ಸಂಪಾದಕರ ಉತ್ತರ: ಸಹಿ ದೆಹಲಿಯದು, ಸೊಪ್ಪು ನಿಮ್ಮದು

(ಪಿರಿಯಾಪಟ್ಟಣ ತಾಲ್ಲೂಕಿನ ಓದುಗರೊಬ್ಬರು ಬರೆದ ಕಾಗದದ ಸಾರ: "ನಮ್ಮಪ್ಪನ ಕಾಲದಿಂದ ಹೊಗೆಸೊಪ್ಪು ಹಾಕ್ತಿದ್ದೀವಿ. ತಂಬಾಕು ಮಂಡಳಿಯವರೇ ಕಾರ್ಡು ಕೊಟ್ಟು, ಇಷ್ಟೇ ಕೆಜಿ ಬೆಳೀರಿ ಅಂತಾರೆ. ಅವರೇ ಹರಾಜು ಹಾಕ್ತಾರೆ. ಅದೇ ಸರ್ಕಾರ ಸಿಗರೇಟು ಪ್ಯಾಕಿನ ಮೇಲೆ ಕೊಳೆತ ಗಂಟಲಿನ ಚಿತ್ರ ಹಾಕ್ಸುತ್ತೆ. ಇದೆಲ್ಲ ಜಿನೀವಾದಲ್ಲಿ ಕೂತವರು ಹೇಳಿದ್ದಂತೆ. ನಮ್ಮೂರಿನ ಆರೋಗ್ಯದ ಕಾನೂನು ಮಾಡೋಕೆ ಅವರು ಯಾರು? ಜಾಗತೀಕರಣದಿಂದ ರೈತನಿಗೂ ನಷ್ಟ, ಔಷಧಿ ಬೆಲೆ ಏರಿ ರೋಗಿಗೂ ನಷ್ಟ, ಅಲ್ವಾ? ಈಗ ನಾವು ಯಾರನ್ನ ಕೇಳಬೇಕು?")

ಪ್ರಿಯ ಓದುಗರೇ,

ಮೊದಲು ಜಿನೀವಾ ವಿಷಯ ಮುಗಿಸಿಬಿಡೋಣ. ನೀವು ಹೇಳುತ್ತಿರುವುದು ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ ಬಗ್ಗೆ. ಅಲ್ಲಿ ಅದು ಅಂಗೀಕಾರವಾದದ್ದು 2003ರ ಮೇ 21ರಂದು. ನಮ್ಮ ದೇಶದ ತಂಬಾಕು ಕಾಯ್ದೆ, ಎಲ್ಲರೂ ಕೋಟ್ಪಾ ಅನ್ನುತ್ತಾರಲ್ಲ, ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಅದೇ ಮೇ 18ಕ್ಕೆ. ಮೂರು ದಿನ ಮುಂಚೆ. ಹಾಗಾಗಿ ಅಲ್ಲಿಂದ ಹುಕುಂ ಬಂತು, ಇಲ್ಲಿ ಕಾನೂನು ಆಯಿತು ಅನ್ನುವ ಹಾಗಿಲ್ಲ. ಒಪ್ಪಂದದ ಮಾತುಕತೆ ನಡೆಯುವಾಗ ನಮ್ಮ ಅಧಿಕಾರಿಗಳೂ ಅಲ್ಲಿ ಕೂತಿದ್ದರು. 2004ರ ಫೆಬ್ರವರಿಯಲ್ಲಿ ಭಾರತ ಅದನ್ನು ಖುದ್ದಾಗಿ ಸ್ಥಿರೀಕರಿಸಿತು. ಯಾರೂ ಕುತ್ತಿಗೆ ಹಿಡಿದು ಸಹಿ ಹಾಕಿಸಿಕೊಳ್ಳಲಿಲ್ಲ.

ಹೊರಗಿನವರು ನಮ್ಮ ಸೀಮೆಯ ಆರೋಗ್ಯಕ್ಕೆ ಕೈಹಾಕುವುದು ಹೊಸದೂ ಅಲ್ಲ. 1920ರ ದಶಕದ ಕೊನೆಯಲ್ಲೇ ಮೈಸೂರು ಸಂಸ್ಥಾನದವರು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆದಿದ್ದರು. ಆಗಿನ ದೊಡ್ಡ ಚಿಂತೆ ಮಲೇರಿಯಾ. ಆದರೆ ಅವತ್ತು ಯಾರನ್ನು ಕರೆಯಬೇಕು, ಎಲ್ಲಿ ಕೆಲಸ ಶುರು ಮಾಡಬೇಕು ಅಂತ ತೀರ್ಮಾನಿಸಿದ್ದು ಮೈಸೂರಿನ ಸರ್ಕಾರ. ಮಂಡ್ಯದ ಕಷ್ಟ ಏನು ಅಂತ ಅದಕ್ಕೆ ಗೊತ್ತಿತ್ತು.

ಈಗ ಹಾಗಿಲ್ಲ. ನಿಮ್ಮ ತಕರಾರಿನ ಬೇರು ಇರುವುದು ಇಲ್ಲೇ ಅಂತ ನನಗನ್ನಿಸುತ್ತೆ. ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ. ಕೃಷಿಯೂ ರಾಜ್ಯಪಟ್ಟಿಯಲ್ಲಿದೆ. ಆದರೆ ಬೇರೆ ದೇಶಗಳ ಜೊತೆ ಒಪ್ಪಂದ ಮಾಡುವ ಅಧಿಕಾರ ಪೂರ್ತಿ ಕೇಂದ್ರದ್ದು. 253ನೇ ವಿಧಿ ಹಿಡಿದು, ಒಪ್ಪಂದ ಜಾರಿ ಮಾಡಲು ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು. ಸಹಿ ಹಾಕುವ ಮೊದಲು ಸಂಸತ್ತನ್ನು ಕೇಳಲೇಬೇಕು ಅಂತೇನೂ ಇಲ್ಲ. ಸಚಿವ ಸಂಪುಟ ಒಪ್ಪಿದರೆ ಸಾಕು. ವಿಧಾನಸೌಧದ ಒಪ್ಪಿಗೆಯಂತೂ ಬೇಕಿಲ್ಲ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಮಾತು ದೂರವೇ ಉಳಿಯಿತು.

ಅದೇ ಒಪ್ಪಂದಕ್ಕೆ ಬ್ರೆಜಿಲ್ ಹೇಗೆ ಅಂತಿಮ ಒಪ್ಪಿಗೆ ಕೊಟ್ಟಿತು ನೋಡಿ. ಬ್ರೆಜಿಲ್ ಗೊತ್ತಲ್ಲ, ಹರಾಜಿನಲ್ಲಿ ನಿಮ್ಮ ಸೊಪ್ಪಿನ ಮೂಟೆಯ ರೇಟು ಏರುವುದು ಇಳಿಯುವುದು ಎಷ್ಟೋ ಸಲ ಅಲ್ಲಿಯ ಫಸಲಿನ ಮೇಲೆ ನಿಂತಿರುತ್ತೆ. ಅಲ್ಲಿ ಒಪ್ಪಂದ ಸೆನೆಟ್ಟಿನ ಮುಂದೆ ಹೋಗಬೇಕಿತ್ತು. ದಕ್ಷಿಣದ ಹೊಗೆಸೊಪ್ಪಿನ ಸೀಮೆಯ ಬೆಳೆಗಾರರು ತಿರುಗಿ ನಿಂತರು. ಜಗ್ಗಾಟದಲ್ಲಿ 2005ರ ನವೆಂಬರ್ ಬಂತು. ಕೊನೆಗೆ ಬೆಳೆ ನಿಷೇಧ ಮಾಡುವುದಿಲ್ಲ ಅಂತ ಸರ್ಕಾರ ಮಾತು ಕೊಟ್ಟ ಮೇಲೇ ಒಪ್ಪಿಗೆ ಸಿಕ್ಕಿತು. ಪರ್ಯಾಯ ಬೆಳೆಗೆ ರಾಷ್ಟ್ರೀಯ ಕಾರ್ಯಕ್ರಮವೂ ಅದೇ ವರ್ಷ ಶುರುವಾಯಿತು. ಆ ಕಾರ್ಯಕ್ರಮದಿಂದ ಎಲ್ಲರ ಬಾಳೂ ಹಸನಾಯಿತು ಅಂತ ನಾನೇನೂ ಹೇಳುತ್ತಿಲ್ಲ. ಅಲ್ಲಿ ಈಗಲೂ ಹೊಗೆಸೊಪ್ಪು ಬೆಳೆಯುತ್ತಾರೆ. ಆದರೆ ಅಂತಿಮ ಒಪ್ಪಿಗೆಗೆ ಮೊದಲೇ ಚೌಕಾಸಿ ನಡೆಯಿತು. ನಮ್ಮಲ್ಲಿ ಒಪ್ಪಿಗೆ ಮೊದಲಾಯಿತು, ಸುದ್ದಿ ಆಮೇಲೆ ಬಂತು.

ಕೇಳದೆ ಸಹಿ ಹಾಕಿದ್ದರ ಫಲ ಏನು? ಒಪ್ಪಂದ ನಮ್ಮೂರಿಗೆ ಅರ್ಧವೇ ಬಂತು. ಅದರಲ್ಲಿ 17ನೇ ವಿಧಿ ಅಂತ ಒಂದಿದೆ. ಬೆಳೆಗಾರರಿಗೆ, ಕೂಲಿಗಳಿಗೆ ಹೊಟ್ಟೆ ತುಂಬುವಂಥ ಬೇರೆ ದಾರಿ ಮಾಡಿಕೊಡಲು ಸರ್ಕಾರಗಳು ಕೈಜೋಡಿಸಬೇಕು ಅಂತ ಅದರ ತಾತ್ಪರ್ಯ. 18ನೇ ವಿಧಿ, ಬೆಳೆ ಬೆಳೆಯುವವರ ಆರೋಗ್ಯ ಮತ್ತು ಪರಿಸರ ಕಾಪಾಡಬೇಕು ಅನ್ನುತ್ತೆ. ಪ್ಯಾಕಿನ ಮೇಲಿನ ಚಿತ್ರದ ವಿಧಿ ಬಂತು, ಜಾಹೀರಾತು ನಿಷೇಧದ ವಿಧಿ ಬಂತು. 17, 18ನೇ ವಿಧಿಗಳನ್ನು ಅಷ್ಟೇ ಜೋರಾಗಿ ಜಾರಿ ಮಾಡಿದ್ದನ್ನು ನೀವು ನೋಡಿದ್ದೀರಾ?

18ನೇ ವಿಧಿ ಬರೀ ಕಾಗದದ ಮಾತಲ್ಲ. ಜುಲೈ, ಆಗಸ್ಟಿನಲ್ಲಿ ಸೊಪ್ಪು ಮುರಿಯುವ ಹೆಣ್ಣುಮಕ್ಕಳನ್ನು ನೋಡಿ. ರಾತ್ರಿ ಮಳೆ ಬಂದು ಎಲೆ ಒದ್ದೆ ಇರುತ್ತೆ. ಬರಿಗೈ. ಮುರಿದ ಎಲೆ ಕಂಕುಳಲ್ಲಿ ಒತ್ತಿ ಹಿಡಿದು ಸಾಲು ಮುಗಿಸುತ್ತಾರೆ. ಅಂಗೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತೆ, ಸೋಪಿಗೂ ಬಿಡಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು, ವಾಕರಿಕೆ. ಬಿಸಿಲಿಗೆ ಪಿತ್ತ ಆಗಿದೆ ಅಂತ ನಿಂಬೆಹಣ್ಣಿನ ಪಾನಕ ಕುಡಿಸಿ ಕೂರಿಸುತ್ತಾರೆ. ಎಷ್ಟೋ ಸಲ ಅದು ಪಿತ್ತವಲ್ಲ. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದ ಮೈಗೆ ಇಳಿದಿರುತ್ತೆ. ವೈದ್ಯರು ಇದನ್ನು ಹಸಿ ತಂಬಾಕಿನ ಕಾಯಿಲೆ ಅಂತಲೇ ಗುರುತಿಸಿದ್ದಾರೆ. ಕೈಗವಸು, ಉದ್ದ ತೋಳಿನ ಅಂಗಿ, ಎಲೆ ಒಣಗಿದ ಮೇಲೆ ಮುರಿಯುವುದು, ಇಷ್ಟು ಮಾಡಿದರೆ ಬಹಳಷ್ಟು ತಪ್ಪುತ್ತೆ. ಇನ್ನು ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಮನೆಯ ಉರಿ. ಒಂದು ಕೆಜಿ ಸೊಪ್ಪು ಬೇಯಿಸಲು ನಾಲ್ಕೈದು ಕೆಜಿ ಸೌದೆ ಬೇಕು. ರಾತ್ರಿಯೆಲ್ಲ ಎದ್ದೆದ್ದು ಸೌದೆ ನೂಕಿ, ಕಿಂಡಿಯಲ್ಲಿ ಥರ್ಮಾಮೀಟರ್ ನೋಡುವವರ ಶ್ವಾಸಕೋಶದ ಲೆಕ್ಕ ಯಾರ ಕಡತದಲ್ಲಿದೆ? ಸಿಗರೇಟು ಸೇದುವವನಿಗೆ ಪ್ಯಾಕಿನ ಮೇಲೆ ಎಚ್ಚರಿಕೆ ಇದೆ. ಸೊಪ್ಪು ಮುರಿಯುವವಳಿಗೆ ಅದೂ ಇಲ್ಲ.

ಸರ್ಕಾರಕ್ಕೆ ಎರಡು ನಾಲಿಗೆ ಹೇಗೆ ಅಂತ ಕೇಳಿದ್ದೀರಿ. ಎರಡಲ್ಲ, ಇನ್ನೂ ಜಾಸ್ತಿ. ತಂಬಾಕು ಮಂಡಳಿ 1975ರ ಕಾಯ್ದೆಯಿಂದ ಹುಟ್ಟಿದ್ದು. ಗುಂಟೂರಿನಲ್ಲಿದೆ, ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತೆ. ರಫ್ತು ಬೆಳೆಸುವುದು ಅದರ ಕೆಲಸ. ಹೊರದೇಶದ ಬೇಡಿಕೆ ನೋಡಿ ಕರ್ನಾಟಕಕ್ಕಿಷ್ಟು, ಆಂಧ್ರಕ್ಕಿಷ್ಟು ಅಂತ ಕೋಟಾ ಹಾಕುತ್ತೆ. ಪ್ಯಾಕಿನ ಚಿತ್ರ ಆರೋಗ್ಯ ಸಚಿವಾಲಯದ್ದು. ಪರ್ಯಾಯ ಬೆಳೆ ಕೃಷಿ ಸಚಿವಾಲಯದ್ದು. ತೆರಿಗೆ ಹಣಕಾಸಿನವರದ್ದು. ಇದರ ಮೇಲೆ ಸರ್ಕಾರಿ ವಿಮಾ ಸಂಸ್ಥೆಗಳ ಕೈಯಲ್ಲಿ ಸಿಗರೇಟು ಕಂಪನಿಯ ಷೇರುಗಳು ಬೇರೆ ಇವೆ! ಬೆಲೆ ಏರಿದ ವರ್ಷ ಮಂಡಳಿ ಖುಷಿಯಾಗಿರುತ್ತೆ, ಹರಾಜಿನಲ್ಲಿ ಯಾರೂ ಕೂಗದೆ ನೋಬಿಡ್ ಆದ ವರ್ಷ ಯಾರೂ ಫೋನ್ ಎತ್ತಲ್ಲ.

ಆದರೆ ಒಂದು ವಿಷಯದಲ್ಲಿ ನಿಮ್ಮ ಜೊತೆ ನನಗೆ ಜಗಳ ಇದೆ. ಜಾಗತಿಕ ಕಾನೂನು ಅಂದರೆ ಕಂಪನಿಗಳ ವಿರುದ್ಧ ಇರುವುದು ಮಾತ್ರ ಅಂತ ನೀವು ಅಂದುಕೊಂಡ ಹಾಗಿದೆ. ಕಂಪನಿಗಳೂ ಅದೇ ಆಯುಧ ಹಿಡಿದಿವೆ. ಉರುಗ್ವೆ ಅಂತ ಪುಟ್ಟ ದೇಶ. ಜನಸಂಖ್ಯೆ ನಮ್ಮ ಮೈಸೂರು ಜಿಲ್ಲೆಗಿಂತ ಸ್ವಲ್ಪ ಹೆಚ್ಚಿರಬಹುದು ಅಷ್ಟೆ. ಪ್ಯಾಕಿನ 80 ಶೇಕಡಾ ಜಾಗದಲ್ಲಿ ಎಚ್ಚರಿಕೆ ಹಾಕಿ ಅಂದಿದ್ದಕ್ಕೆ ಫಿಲಿಪ್ ಮೋರಿಸ್ ಕಂಪನಿ 2010ರಲ್ಲಿ ಹೂಡಿಕೆ ಒಪ್ಪಂದದ ಹೆಸರು ಹೇಳಿ ಅದನ್ನು ಅಂತಾರಾಷ್ಟ್ರೀಯ ಪಂಚಾಯ್ತಿಗೆ ಎಳೆಯಿತು. 2016ರಲ್ಲಿ ಉರುಗ್ವೆ ಗೆದ್ದಿತು. ಗೆಲ್ಲಲು ಆರು ವರ್ಷ ಹಿಡಿಯಿತು. ಆಸ್ಟ್ರೇಲಿಯಾ 2012ರಲ್ಲಿ ಬಣ್ಣ, ಲೋಗೋ ಇಲ್ಲದ ಸಾದಾ ಪ್ಯಾಕು ತಂದಾಗ ಅದರ ಮೇಲೂ ಹೀಗೇ ಬಿದ್ದರು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಆ ವ್ಯಾಜ್ಯ ತೀರಿದ್ದು 2020ರಲ್ಲಿ. ಅಲ್ಲೂ ಆರೋಗ್ಯದ ಕಾನೂನೇ ಉಳಿಯಿತು. ಆದರೆ ಇಂಥ ಕೇಸು ಬೀಳಬಹುದು ಅನ್ನುವ ಭಯಕ್ಕೇ ಸಣ್ಣ ದೇಶಗಳು ಹಿಂದೇಟು ಹಾಕುತ್ತವೆ.

ನಮ್ಮಲ್ಲಿ ಇದರ ಕಥೆ ನಡೆದದ್ದು ಬೆಂಗಳೂರಿನಲ್ಲಿ. 2016ರ ಏಪ್ರಿಲ್ 1ರಿಂದ ಚಿತ್ರ 85 ಶೇಕಡಾ ಜಾಗ ತುಂಬಬೇಕು ಅಂತಾಯಿತು. ನೇಪಾಳ, ಶ್ರೀಲಂಕಾ, ಥಾಯ್ಲೆಂಡ್ ಆಗಲೇ ಹೆಚ್ಚುಕಡಿಮೆ ಆ ಮಟ್ಟಕ್ಕೆ ಬಂದಿದ್ದವು, ನಮ್ಮ ನೆರೆಹೊರೆಯಲ್ಲೇ ಒಂಥರಾ ಪೈಪೋಟಿ ಇತ್ತು. ದೇಶದ ಎಲ್ಲ ತಕರಾರು ಅರ್ಜಿಗಳನ್ನೂ ಸುಪ್ರೀಂ ಕೋರ್ಟ್ ನಮ್ಮ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ನಿಯಮ ರದ್ದು ಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ಚಿತ್ರ ಇನ್ನೂ ಇದೆ.

ಇದೆ, ಆದರೆ ಯಾರ ಕಣ್ಣಿಗೆ ಬೀಳುತ್ತೆ? ಮೈಸೂರಿನ ಬಸ್ ಸ್ಟ್ಯಾಂಡ್ ಎದುರಿನ ಯಾವುದೇ ಪೆಟ್ಟಿಗೆ ಅಂಗಡಿಗೆ ಹೋಗಿ. ಹುಡುಗ ಒಂದು ಸಿಗರೇಟು ಕೇಳುತ್ತಾನೆ. ಅಂಗಡಿಯವನು ಪ್ಯಾಕನ್ನು ಒಳಗೇ ಇಟ್ಟುಕೊಂಡು ಎರಡು ಬೆರಳಲ್ಲಿ ಒಂದನ್ನು ತೆಗೆದು ಕೊಡುತ್ತಾನೆ. ಹಗ್ಗಕ್ಕೆ ಕಟ್ಟಿದ ಲೈಟರ್ ಪಕ್ಕದಲ್ಲೇ ತೂಗುತ್ತಿರುತ್ತೆ. ಚಿತ್ರ ನೋಡುವವನು ಅಂಗಡಿಯವನೊಬ್ಬನೇ! ಬಿಡಿ ಮಾರಾಟ ಮಾಡಬಾರದು ಅಂತ ಕರ್ನಾಟಕ 2017ರಲ್ಲೇ ಆದೇಶ ಹೊರಡಿಸಿದೆ. 2024ರಲ್ಲಿ ವಿಧಾನಮಂಡಲ ಕೋಟ್ಪಾಕ್ಕೆ ತಿದ್ದುಪಡಿ ಮಾಡಿ, ಕೊಳ್ಳುವವರ ವಯಸ್ಸು 21 ಆಗಿರಬೇಕು ಅಂದಿತು, ಹುಕ್ಕಾ ಬಾರ್ ನಿಷೇಧಿಸಿತು. ಅದು ಕೇಂದ್ರದ ಕಾಯ್ದೆಗೆ ರಾಜ್ಯ ಮಾಡಿದ ತಿದ್ದುಪಡಿ. ಹಾಗಾಗಿ ರಾಷ್ಟ್ರಪತಿಗಳ ಅಂಕಿತಕ್ಕೆ ಕಾಯಬೇಕಾಯಿತು. 2025ರಲ್ಲಿ ಸಿಕ್ಕಿತು. ಆರೋಗ್ಯ ರಾಜ್ಯದ ವಿಷಯ ಅನ್ನುವ ಮಾತಿನ ತೂಕ ಎಷ್ಟು ಅಂತ ಇದರಲ್ಲೇ ಗೊತ್ತಾಗುತ್ತೆ.

ಆದರೂ ಈ ಕಾನೂನುಗಳಿಂದ ಏನೂ ಆಗಿಲ್ಲ ಅಂದರೆ ಸುಳ್ಳಾಗುತ್ತೆ. ದೊಡ್ಡವರಲ್ಲಿ ತಂಬಾಕು ಬಳಸುವವರು ಕರ್ನಾಟಕದಲ್ಲಿ 2009-10ರಲ್ಲಿ ನೂರಕ್ಕೆ 28 ಮಂದಿ ಇದ್ದರು. 2016-17ರ ಸಮೀಕ್ಷೆಯಲ್ಲಿ ಅದು 23ರ ಹತ್ತಿರಕ್ಕೆ ಇಳಿದಿತ್ತು. ಇದು ಸಣ್ಣ ಇಳಿಕೆ ಅಲ್ಲ. ನಿಮ್ಮ ಸೊಪ್ಪು ಬಹುಪಾಲು ರಫ್ತಾಗುವುದರಿಂದ ಈ ಇಳಿಕೆ ನಿಮ್ಮ ಹರಾಜಿಗೆ ನೇರವಾಗಿ ಅಷ್ಟೇನೂ ತಟ್ಟಿಲ್ಲ.

ಇನ್ನು ಔಷಧಿ. ಅಲ್ಲಿ ಕಥೆ ಸ್ವಲ್ಪ ಬೇರೆ ಥರ ಇದೆ, ನಿಮಗೆ ಉಪಯೋಗಕ್ಕೂ ಬರುತ್ತೆ. ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಔಷಧಿಗೆ 20 ವರ್ಷದ ಪೇಟೆಂಟ್ ಕೊಡಲೇಬೇಕಾಯಿತು. ಅದಕ್ಕಿದ್ದ ಗಡುವು 2005ರ ಜನವರಿ 1. ಅದುವರೆಗೆ ನಮ್ಮ 1970ರ ಕಾಯ್ದೆ ಔಷಧಿ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಕೊಡುತ್ತಿತ್ತೇ ಹೊರತು ಔಷಧಿಗಲ್ಲ. ಹಾಗಾಗಿಯೇ ಬೇರೆ ವಿಧಾನದಲ್ಲಿ ಅದೇ ಮಾತ್ರೆ ಅಗ್ಗಕ್ಕೆ ಸಿಗುತ್ತಿತ್ತು. ಕಾಯ್ದೆ ಬದಲಾಯಿಸಬೇಕಿದ್ದರಿಂದ ವಿಷಯ ಸಂಸತ್ತಿಗೆ ಬಂತು. ಅಲ್ಲಿ ಜಗಳ ಆಯಿತು, ಹೊರಗೂ ಆಯಿತು. ಆ ಗಲಾಟೆಯ ಫಲವೇ 3(ಡಿ) ಕಲಮು. ಹಳೇ ಔಷಧಿಯನ್ನೇ ಸ್ವಲ್ಪ ತಿರುಚಿ ಹೊಸ ಪೇಟೆಂಟ್ ಕೇಳಿದರೆ, ಅದರಿಂದ ರೋಗಿಗೆ ಹೆಚ್ಚಿನ ಗುಣ ಇದೆ ಅಂತ ತೋರಿಸದಿದ್ದರೆ, ಕೊಡುವ ಹಾಗಿಲ್ಲ. ಇದೇ ಕಲಮಿನ ಮೇಲೆ 2013ರ ಏಪ್ರಿಲ್ 1ರಂದು ರಕ್ತ ಕ್ಯಾನ್ಸರಿನ ಗ್ಲಿವೆಕ್ ಔಷಧಿಯ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅದಕ್ಕೆ ಒಂದು ವರ್ಷ ಮೊದಲು, ಪೇಟೆಂಟ್ ಇದ್ದ ನೆಕ್ಸಾವರ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧಿಯನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಸರ್ಕಾರ ಕಡ್ಡಾಯ ಪರವಾನಗಿ ಕೊಟ್ಟಿತು. ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದದ್ದು 8,880ಕ್ಕೆ ಇಳಿಯಿತು. ಇದೂ ವ್ಯಾಪಾರ ಒಪ್ಪಂದದ ಒಳಗೇ ಇದ್ದ ಅವಕಾಶ. ಎಲ್ಲಿ ವಿಷಯ ಜನಪ್ರತಿನಿಧಿಗಳ ಮುಂದೆ ಬಂತೋ ಅಲ್ಲಿ ಒಂದು ಕಿಂಡಿ ಉಳಿಯಿತು. ಹೊಗೆಸೊಪ್ಪಿನ ಒಪ್ಪಂದದಲ್ಲಿ ಕಿಂಡಿ ಬರೆದೇ ಇತ್ತು, ಆದರೆ ಅದನ್ನು ತೆಗೆಯಿರಿ ಅಂತ ಕೇಳುವವರು ಅಲ್ಲಿರಲಿಲ್ಲ.

ಈಗಲೂ ಇಲ್ಲ. 2016ರ ನವೆಂಬರಿನಲ್ಲಿ ಈ ಒಪ್ಪಂದದ ದೇಶಗಳ ಸಭೆ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲೇ ನಡೆಯಿತು. ಬೆಳೆಗಾರರು ಹೊರಗೆ ನಿಂತು ಪ್ರತಿಭಟಿಸಿದರು, ಒಳಗೆ ಬಿಡಲಿಲ್ಲ. ಬೆಳೆಗಾರರ ಹೆಸರಲ್ಲಿ ಕಂಪನಿಗಳು ನುಸುಳುತ್ತವೆ ಅನ್ನುವ ಭಯಕ್ಕೆ ಆಧಾರ ಇದೆ, ನಾನದನ್ನು ತಳ್ಳಿಹಾಕುವುದಿಲ್ಲ. ಆದರೆ ಕಂಪನಿ ಬೇರೆ, ಎರಡು ಎಕರೆ ಮಳೆಯಾಶ್ರಿತ ಕೆಂಪು ಭೂಮಿ ಇಟ್ಟುಕೊಂಡವನು ಬೇರೆ. ಅವನಿಗೊಂದು ಕುರ್ಚಿ ಹಾಕಲು ಏನು ಕಷ್ಟ?

ಯಾರನ್ನು ಕೇಳಬೇಕು ಅಂದಿರಲ್ಲ. ಜಿನೀವಾ ಬಿಡಿ. ಪರ್ಯಾಯ ಬೆಳೆ ಕಾರ್ಯಕ್ರಮವನ್ನು 2015-16ರಲ್ಲಿ ಹೊಗೆಸೊಪ್ಪಿನ ರಾಜ್ಯಗಳಿಗೂ ವಿಸ್ತರಿಸಿದ್ದಾರೆ. ಅದರಲ್ಲಿ ಬೀಜ, ಯಂತ್ರ, ಪ್ರಾತ್ಯಕ್ಷಿಕೆ ಇದೆ. ನಿಮ್ಮ ಕಷ್ಟ ಬೀಜದ್ದಲ್ಲ. ಹೊಗೆಸೊಪ್ಪಿಗೆ ಹರಾಜು ಕಟ್ಟೆ ಇದೆ, ಬ್ಯಾಂಕ್ ಸಾಲ ಇದೆ, ದುಡ್ಡು ಖಾತೆಗೆ ಬೀಳುತ್ತೆ. ಜೋಳಕ್ಕೆ, ಶುಂಠಿಗೆ ಅಷ್ಟು ಗಟ್ಟಿ ವ್ಯವಸ್ಥೆ ಎಲ್ಲಿದೆ? ಶುಂಠಿ ನಂಬಿ ಕೆಟ್ಟವರು ನಿಮ್ಮ ಪಕ್ಕದ ಹೊಲದಲ್ಲೇ ಇದ್ದಾರೆ. ಹಾಗಾಗಿ ಕೇಳುವುದಾದರೆ ಖರೀದಿ ಕೇಂದ್ರ ಕೇಳಿ. ಬ್ಯಾರನ್ ಕಾರ್ಡು ವಾಪಸ್ ಕೊಡುವವರಿಗೆ ಒಂದೇ ಗಂಟಿನ ಪರಿಹಾರ ಕೇಳಿ, ಬೆಳೆಗಾರರ ಸಂಘಗಳು ಇದನ್ನು ಮೊದಲೇ ಕೇಳಿವೆ. ಬಿಡದವರಿಗೆ, ಅವರ ಕೂಲಿಗಳಿಗೆ ಕೈಗವಸು ಮತ್ತು ವರ್ಷಕ್ಕೊಮ್ಮೆ ತಪಾಸಣೆ ಕೇಳಿ. ಇದನ್ನು ದಯೆ ಅಂತ ಕೇಳಬೇಡಿ.

ಅರ್ಜಿ ಮೂರು ಕಡೆ ಹೋಗಲಿ: ನಿಮ್ಮ ಸಂಸದರಿಗೆ, ಮಂಡಳಿಗೆ, ರಾಜ್ಯದ ಕೃಷಿ ಇಲಾಖೆಗೆ. ತಂಬಾಕು ನಿಯಂತ್ರಣ ಒಪ್ಪಂದದ 17 ಮತ್ತು 18ನೇ ವಿಧಿ ಅಂತ ಮೇಲೆಯೇ ನಮೂದಿಸಿ, ಭಾರತ ಇದಕ್ಕೆ 2004ರಲ್ಲೇ ಒಪ್ಪಿದೆ ಅಂತಲೂ ಬರೆಯಿರಿ. ಮುಂದಿನ ಹಂಗಾಮಿನ ಕೋಟಾ ಪ್ರಕಟವಾಗುವ ಮೊದಲೇ ಕಳಿಸಿದರೆ ಒಳ್ಳೆಯದು. ಒಂದು ಪ್ರತಿ ನಮಗೂ ಇರಲಿ. ಯಾರಿಂದ ಉತ್ತರ ಬಂದರೂ ಇದೇ ಪುಟದಲ್ಲಿ ಹಾಕುತ್ತೇವೆ.

ಸಂ.