ನಿಮ್ಮ ಸ್ವರ ಯಾವುದು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಧಾರವಾಡದ ಕಡೆಯ ನಿವೃತ್ತ ಗುಮಾಸ್ತರು, ವಯಸ್ಸು 67. ಹೆಂಡತಿ ತೀರಿಕೊಂಡ ಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿರುವ ಮಗನ ಮನೆಗೆ ಬಂದವರು. "ಅಪ್ಪ ಯಾರ ಜೊತೆಗೂ ಮಾತನಾಡುವುದಿಲ್ಲ" ಎಂದು ಮಗನೇ ಆಪ್ತಸಲಹೆಗೆ ನನ್ನ ಬಳಿ ಕರೆತಂದಿದ್ದ. ನಿದ್ದೆ, ಊಟ ಸರಿಯಾಗಿದ್ದವು. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಲಿಫ್ಟಿನಲ್ಲಿ ಎದುರಾದವರನ್ನು ಏನೆಂದು ಮಾತನಾಡಿಸಬೇಕೋ ತಿಳಿಯದು, ಅಷ್ಟೇ.

ಊರಿನಲ್ಲಿ ನಲವತ್ತು ವರ್ಷ ಏಕಾದಶಿ ಭಜನೆಗೆ ಹಾರ್ಮೋನಿಯಂ ಸಾಥ್ ಕೊಟ್ಟವರು. ಈಗ ಆ ಹಾರ್ಮೋನಿಯಂ ಪೇಟಿ ಮಂಚದ ಕೆಳಗಿತ್ತು. "ಆಕಾಶವಾಣಿಯವರೇ 1940ರಿಂದ ಮೂವತ್ತು ವರ್ಷ ಇದನ್ನು ಹೊರಗಿಟ್ಟಿದ್ದರು, ನಾನು ಇಟ್ಟರೆ ತಪ್ಪೇನು?" ಎಂದರು. ಹಾಸ್ಯ ಬತ್ತಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.

ನನ್ನ ಮೊದಲ ಸಲಹೆ ದಡ್ಡತನದ್ದು. ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ವೇದಿಕೆಯಲ್ಲಿ ನುಡಿಸಿ ಎಂದೆ. ನುಡಿಸಿದರು. ಚಪ್ಪಾಳೆ, ಶಾಲು, ಫೋಟೊ. ಮರುದಿನ ಲಿಫ್ಟಿನಲ್ಲಿ "ಚೆನ್ನಾಗಿತ್ತು ಸರ್" ಎಂದವರು ಮೊಬೈಲಿಗೆ ತಲೆ ತಗ್ಗಿಸಿದರು. ಹೊಗಳಿಕೆಗೆ ಇವರು ತಾನೇ ಏನೆಂದಾರು?

ಎರಡನೇ ಭೇಟಿಯಲ್ಲಿ ಕೇಳಿದೆ: "ಭಜನೆಗೆ ಹೊಸಬರು ಬಂದರೆ ಮೊದಲು ಏನು ಮಾಡುತ್ತೀರಿ?" "ಯಾವ ಸ್ವರಕ್ಕೆ ಹಾಡುತ್ತೀರಿ ಎಂದು ಕೇಳುತ್ತೇನೆ." ಅಪರಿಚಿತರನ್ನು ಮಾತನಾಡಿಸುವ ಪ್ರಶ್ನೆ ನಲವತ್ತು ವರ್ಷಗಳಿಂದ ಅವರ ಬಾಯಲ್ಲೇ ಇತ್ತು!

ಕೆಳಗಿನ ಸಭಾಂಗಣದಲ್ಲಿ ಪ್ರತಿ ಶುಕ್ರವಾರ ಮಹಿಳೆಯರ ಭಜನಾ ಮಂಡಳಿ ಸೇರುತ್ತದೆ. ಮೊಬೈಲಿನ ತಂಬೂರಿಯೇ ಅವರ ಶ್ರುತಿ. ಸೊಸೆ ಅವರನ್ನು ಕೇಳಿ ಒಪ್ಪಿಸಲಿ, ನೀವು ಸಾಥ್‌ಗೆ ಮಾತ್ರ ಕುಳಿತುಕೊಳ್ಳಿ, ಒಬ್ಬರೇ ನುಡಿಸುವುದು ಬೇಡ ಎಂದೆ. ಒಂದು ತಿಂಗಳು ಯಾರ ರಾಗವನ್ನೂ ತಿದ್ದಬೇಡಿ ಎಂದದ್ದಕ್ಕೆ ಮುಖ ಸಿಂಡರಿಸಿದರು; ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಮಂಗಳ ಹಾಡಿದೊಡನೆ ಪೇಟಿ ಮುಚ್ಚಿ ಎದ್ದುಬರುವ ಹಾಗಿಲ್ಲ, ಕೋಸಂಬರಿ ಮುಗಿಯುವವರೆಗೂ ಇರಬೇಕು ಎಂದೂ ಹೇಳಿದೆ.

ಅಲ್ಲಿ ಹೆಚ್ಚಿನವರಿಗೆ ತಮ್ಮ ಸ್ವರವೇ ಗೊತ್ತಿರಲಿಲ್ಲವಂತೆ. ಒಬ್ಬರಿಂದ ಒಂದು ಸಾಲು ಹಾಡಿಸಿ, ಪೇಟಿಯ ಕೀಲಿಮನೆಗಳನ್ನು ಒಂದೊಂದಾಗಿ ಒತ್ತಿ ನೋಡಿ, "ನಿಮ್ಮದು ಕಾಳಿ ನಾಲ್ಕು, ಅಂದರೆ ನಾಲ್ಕನೇ ಕಪ್ಪು ಮನೆ" ಎಂದರು. ಉಳಿದವರೆಲ್ಲ "ನಮ್ಮದು?" ಎಂದು ಸುತ್ತುವರಿದರು. ಮುಂದಿನ ವಾರ ಆಕೆಗೆ ಶೀತ; ಇವರು ಶ್ರುತಿ ಇಳಿಸಿದರು, ಮಾತು ಕಷಾಯದ ಕಡೆಗೆ ಹೊರಳಿತು.

ಐದನೇ ಭೇಟಿಗೆ ಬರಲಿಲ್ಲ, ಫೋನ್ ಮಾಡಿದರು. "ಆರನೇ ಮಹಡಿಯವರು ಭೀಮಪಲಾಸ ರಾಗದಲ್ಲಿ ಕೋಮಲ ಗಾಂಧಾರ ಬಿಟ್ಟು ಶುದ್ಧ ಗಾಂಧಾರ ಹಾಕುತ್ತಾರೆ. ತಿಂಗಳು ಮುಗಿಯಿತಲ್ಲ, ಈಗ ತಿದ್ದಬಹುದೇ?"

ಅವರಾಗಿಯೇ ಕೇಳಿದರೆ ಎಂದೆ.