ಚೀನಾ ಸ್ಪೂಲ್ ಹಾಕಿದ ವಾಲ್ವ್‌ಗೆ ಭಾರತದ ಒರಿಜಿನ್ ಸಿಗತೈತೇನ್ರಿ?

ಪ್ರಶ್ನೆ: ನಮಸ್ಕಾರ್ರಿ. ಬೆಳಗಾವಿ ಉದ್ಯಮಬಾಗದಾಗ ನಮ್ದು ಸಣ್ಣ ಮಷಿನ್ ಶಾಪ್ ಐತಿ, ಹೈಡ್ರಾಲಿಕ್ ವಾಲ್ವ್ ಮಾಡ್ತೀವಿ. ಬಾಡಿ ಇಲ್ಲೇ ಫೌಂಡ್ರಿಯಾಗ ಎರಕ ಹೊಯ್ಸತೀವಿ, ಸ್ಪೂಲು (ವಾಲ್ವಿನೊಳಗ ಹಿಂದ ಮುಂದ ಜಾರೂ ಕಡ್ಡಿ) ಸೀಲು ಚೀನಾದ್ದು. ದುಬೈ ಪಾರ್ಟಿ ಸೆಪಾ (ಭಾರತ-ಯುಎಇ ವ್ಯಾಪಾರ ಒಪ್ಪಂದ) ಪ್ರಕಾರ ಒರಿಜಿನ್ ಸರ್ಟಿಫಿಕೇಟ್, ಅಂದ್ರ ಮಾಲು ಭಾರತದ್ದ ಅನ್ನೂ ಪತ್ರ ಕೇಳಾಕತ್ತಾನ. ಚೇಂಬರ್ (ವ್ಯಾಪಾರಿಗಳ ಸಂಘ) ಕೊಡೋ ಸರ್ಟಿಫಿಕೇಟ್ ನಡೀತೈತೇನು? ಮತ್ತ ಈ ಒರಿಜಿನ್ ರೂಲ್ ಮಾಡೂ ಮುಂದ ನಮ್ಮಂಥ ಸಣ್ಣವರ ಮಾತು ಯಾರರ ಕೇಳ್ತಾರೇನ್ರಿ?

ಉತ್ತರ: ಚೇಂಬರ್‌ದು ಸಾಮಾನ್ಯವಾಗಿ ನಾನ್-ಪ್ರಿಫರೆನ್ಶಿಯಲ್ ಇರತೈತ್ರಿ, ಅದರಿಂದ ಡ್ಯೂಟಿ ಕಮ್ಮಿ ಆಗೂದಿಲ್ಲ. ನಿಮಗ ಬೇಕಾದದ್ದು ಡ್ಯೂಟಿ ಕಮ್ಮಿ ಮಾಡೂ ಪ್ರಿಫರೆನ್ಶಿಯಲ್, ಅದಕ್ಕ ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿ ಪೋರ್ಟಲ್‌ನ್ಯಾಗ ಅರ್ಜಿ ಹಾಕಬೇಕು. ಯುಎಇದಾಗ ಮಾಮೂಲಿ ಡ್ಯೂಟಿ 5 ಪರ್ಸೆಂಟ್, 2022ರ ಮೇ 1ಕ್ಕ ಜಾರಿಗೆ ಬಂದ ಒಪ್ಪಂದದಾಗ ಅದು ಭಾಳ ಸಾಮಾನಿಗೆ ಹೋಗೇತಿ, ಅದಕ್ಕ ಆ ಪಾರ್ಟಿ ಬೆನ್ನ ಹತ್ಯಾನ.

ಮೊದ್ಲ ಮಾಲು ಯಾವ ಜಾತಿದು ಅಂತ ತೋರ್ಸೂ ನಿಮ್ಮ ಎಚ್‌ಎಸ್ ಕೋಡ್‌ಗೆ ಏನ್ ರೂಲ್ ಬರದಾರ ನೋಡ್ರಿ. ಈ ಒಪ್ಪಂದದಾಗ ಎಷ್ಟೋ ಸಾಮಾನಿಗೆ 40 ಪರ್ಸೆಂಟ್ ವ್ಯಾಲ್ಯೂ ಅಡಿಷನ್ (ರೇಟಿನ್ಯಾಗ ಇಲ್ಲಿ ಸೇರಿದ ಪಾಲು) ಕೇಳ್ತಾರ. ನಿಮಗೂ ಅದ ಇದ್ರ ಲೆಕ್ಕ ಹಿಂಗ: ಎಫ್‌ಒಬಿ (ಹಡಗಿಗೆ ಹೇರೂತನಕದ ರೇಟ್) 1000 ರೂಪಾಯಿ, ಹೊರಗಿನ ಮಾಲು 550 ಅಂದ್ರ ಉಳಿದದ್ದು 45 ಪರ್ಸೆಂಟ್, ಪಾಸ್. ಆದ್ರ ಪಾರ್ಟಿ ಚೌಕಾಸಿ ಮಾಡಿ ರೇಟ್ 900ಕ್ಕ ಇಳಿಸಿದಾ ಅಂತ ತಿಳ್ಕೊಳ್ರಿ, ಚೀನಾ ಸ್ಪೂಲಿನ ರೇಟೇನ್ ಇಳಿಯೂದಿಲ್ಲಲ್ಲ, ಆಗ 38.9 ಆಗಿ ಫೇಲ್ ಆಗ್ತೀರಿ! ಡಿಸ್ಕೌಂಟ್ ಕೊಡೂ ಮೊದ್ಲ ಈ ಲೆಕ್ಕ ಹಾಕಾಕ ಬೇಕು. ಮತ್ತೊಂದು, ಸೀಲು ಬೆಳಗಾವಿ ಅಂಗಡ್ಯಾಗ ಜಿಎಸ್‌ಟಿ ಬಿಲ್ ಹಾಕಿ ತಗೊಂಡೀವಿ, ಅದು ಲೋಕಲ್ ಅಂತ ಭಾಳ ಮಂದಿ ಹಿಡೀತಾರ, ಹಂಗಲ್ರಿ, ಅದು ಎಲ್ಲಿ ತಯಾರಾತು ಅನ್ನೂದ ಲೆಕ್ಕ. ಸಪ್ಲೈಯರ್ ಕಡೆ ಬರದು ಇಸ್ಕೊಂಡ ಇಟ್ಕೊಳ್ರಿ. ಬರೇ ತೊಳದು, ವಿಂಗಡಿಸಿ, ಪ್ಯಾಕ್ ಮಾಡಿದ್ರೂ ಒರಿಜಿನ್ ಬರೂದಿಲ್ಲ. ವಿಜಯಪುರದಾಗ ಅಫ್ಘಾನ್ ದ್ರಾಕ್ಷಿ ತರಿಸಿ ಹೊಸ ಬಾಕ್ಸಿಗೆ ತುಂಬಿದ್ರ ಅದು ಅಫ್ಘಾನಿಸ್ತಾನದ್ದ.

ಇನ್ನ ಎರಡನೇ ಪ್ರಶ್ನೆ, ನನಗ ಇದ ಮುಖ್ಯ ಅನಸತೈತಿ. ರೂಲ್ ಬಿಗಿ ಇದ್ರ ಚೀನಾ ಮಾಲು ನಮ್ಮ ಹೆಸರಿನ್ಯಾಗ ಹೋಗೂದು ನಿಲ್ಲತೈತಿ, ಭಾಳ ಬಿಗಿ ಆದ್ರ ನಿಮ್ಮಂಥವರ ಹೊರಗ ಬೀಳ್ತಾರ. ಬಾಂಗ್ಲಾದೇಶ ನೋಡ್ರಿ, ಮೊದ್ಲ ಯುರೋಪಿನವರು ನೂಲಿಂದ ಬಟ್ಟೆ ಅಲ್ಲೇ ನೇಯ್ದು ಅಲ್ಲೇ ಹೊಲಿದ್ರ ಮಾತ್ರ ಡ್ಯೂಟಿ ಮಾಫ್ ಅಂತಿದ್ರು, 2011ರಿಂದ ಬಟ್ಟೆ ಹೊರಗಿಂದ ತಂದು ಬರೇ ಹೊಲಿದ್ರೂ ಸಾಕು ಅಂದ್ರು. ಹೊರಗಿನ ಬಟ್ಟೆ ಮ್ಯಾಲೆ ನಡಿಯೋ ಅಲ್ಲಿನ ಶರ್ಟ್ ಪ್ಯಾಂಟ್ ಫ್ಯಾಕ್ಟರಿಗೆ ಅದರಿಂದ ಬಾಗಿಲ ತೆರೀತು. ಡ್ಯೂಟಿ ರೇಟ್ ಇಳಿಸಿದ್ದಕ್ಕಲ್ಲ, ರೂಲಿನ ಒಂದ ಸಾಲು ಬದಲಾದದ್ದಕ್ಕ.

ಹಂಗಾಗಿ ಯಾವುದರ ದೇಶದ ಜೋಡಿ ಮಾತುಕತಿ ನಡದಿದ್ರ, ಮುಗಿಯೂದರಾಗ ನಿಮ್ಮ ಅಸೋಸಿಯೇಷನ್ ಇಲ್ಲಾ ಎಂಜಿನಿಯರಿಂಗ್ ಮಾಲಿನ ರಫ್ತು ಮಂಡಳಿ ಇಇಪಿಸಿ ಮುಖಾಂತರ ವಾಣಿಜ್ಯ ಇಲಾಖೆಗೆ ಬರೀರಿ. "ನಮಗ ಅನುಕೂಲ ಮಾಡ್ರಿ" ಅಂತ ಬರದ್ರ ಯಾರೂ ತಿರುಗಿ ನೋಡೂದಿಲ್ಲ. ಆರು ಅಂಕಿ ಕೋಡ್, ಯಾವ ಪಾರ್ಟ್ ಎಲ್ಲಿಂದ, ಎಷ್ಟು ಪರ್ಸೆಂಟ್, ಇಲ್ಲಿ ಯಾಕ ಸಿಗೂದಿಲ್ಲ, ಇಷ್ಟು ಒಂದ ಹಾಳಿಮ್ಯಾಲೆ ಇರ್ಲಿ.